ಎಲ್ಲೀವರೆಗೆ ಬಂತು?

ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅದು ಒಬ್ಬರ ತಲೆನೋವು. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಮೋಟಾರು ಕೆಟ್ಟರೆ ಇಬ್ಬರದು. ಲ್ಯಾಪ್‌ಟಾಪು ಕೆಟ್ಟಾಗ ಮಾತ್ರ ಮನೆಯವರು, ಪಕ್ಕದ ಮನೆಯವರು, ಬೆಂಗಳೂರಿನಲ್ಲಿರುವ ಮಗಳು, ಅವಳ ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ, ನಾನು ಮುಖ ಕೂಡ ನೋಡಿರದ ಹುಡುಗ, ಎಲ್ಲರೂ ತಜ್ಞರೇ. ಅದರಲ್ಲೂ ಒಂದು ಭೇದವಿದೆ. ಜಪ್ಪಯ್ಯ ಎಂದರೂ ಅಲುಗದ, ಪೂರ್ತಿ ಕೈಕೊಟ್ಟ ಲ್ಯಾಪ್‌ಟಾಪಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. "ಅಂಗಡಿಗೆ ಕೊಡಿ" ಎಂದು ಸುಮ್ಮನಾಗುತ್ತಾರೆ. ದೀಪ ಹತ್ತಿ, ಫ್ಯಾನು ಗುಂಯ್‌ಗುಟ್ಟಿ, ಕಂಪನಿಯ ಲೋಗೋ ಪರದೆಯ ಮೇಲೆ ಬಂದು, ಇನ್ನೇನು ಎದ್ದೇಬಿಟ್ಟಿತು ಅನ್ನುವಾಗ ನಿಂತುಬಿಡುತ್ತದಲ್ಲ, ಅಂಥದ್ದಕ್ಕೇ ಸಲಹೆಗಳ ಸುರಿಮಳೆ.

ನಮ್ಮೂರು ಶಿವಮೊಗ್ಗ. ಆಷಾಢದ ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ನನ್ನ ಏಳು ವರ್ಷ ಹಳೆಯ ಲ್ಯಾಪ್‌ಟಾಪು ಈ ಎರಡನೆಯ ಜಾತಿಗೆ ಸೇರಿಕೊಂಡಿತು. ಲೋಗೋ ಬಂತು. ಅದರ ಕೆಳಗೆ ಬಿಳಿ ಚುಕ್ಕಿಗಳು ಒಂದರ ಹಿಂದೊಂದು ಸುತ್ತತೊಡಗಿದವು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಸುತ್ತುತ್ತಲೇ ಇದ್ದವು. ಆಮೇಲೆ ಪರದೆ ಕಪ್ಪಾಯಿತು. ಮತ್ತೆ ಮೊದಲಿಂದ ಲೋಗೋ, ಮತ್ತೆ ಚುಕ್ಕಿ.

"ಆಫ್ ಮಾಡಿ ಆನ್ ಮಾಡು" ಎಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಸೆಟ್‌ಟಾಪ್ ಬಾಕ್ಸಿನಿಂದ ಹಿಡಿದು ಗೀಸರಿನವರೆಗೆ ಎಲ್ಲಕ್ಕೂ ಅವರಲ್ಲಿರುವುದು ಇದೊಂದೇ ಮದ್ದು. ಬಹಳ ಸಲ ನಾಟುತ್ತದೆ ಕೂಡ, ಅದೇ ತೊಂದರೆ. ಆದರೆ ಲ್ಯಾಪ್‌ಟಾಪಿನ ಮಟ್ಟಿಗೆ ಈ ಮದ್ದಿನ ಸತ್ವ ಕಡಿಮೆಯಾಗಿ ಬಹಳ ಕಾಲವಾಯಿತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬೇಗ ಏಳಲಿ ಎಂದು, ತನ್ನ ಒಳಗಿನ ಮುಖ್ಯ ಭಾಗದ ಆ ಹೊತ್ತಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಫಾಸ್ಟ್ ಸ್ಟಾರ್ಟಪ್ ಅಂತ ಅದರ ಹೆಸರು. ನಿನ್ನೆಯ ತಕರಾರು ಅದರ ಜೊತೆಗೇ ಎದ್ದು ಬರುತ್ತದೆ. ಹಳೆಯದನ್ನೆಲ್ಲ ಬಿಟ್ಟು ಹೊಸದಾಗಿ ಏಳುವುದು ರೀಸ್ಟಾರ್ಟ್ ಒತ್ತಿದಾಗ. ಇದನ್ನು ನಮ್ಮನೆಯವರಿಗೆ ವಿವರಿಸಿದೆ. "ಆಫ್ ಅಂದ್ರೆ ಆಫ್ ಆಗಬೇಕು. ಆಫ್ ಮಾಡಿದ್ರೂ ಆಫ್ ಆಗಲ್ಲ ಅಂದ್ರೆ ಅದನ್ನ ಮಾಡಿದವನ ಮೇಲೆ ಕಂಪ್ಲೇಂಟು ಕೊಡಬೇಕು" ಎಂದರು. ಲೈನಿನ ಮೇಲೆ ಆಳುಗಳನ್ನು ಹತ್ತಿಸಿ ಕೆಲಸ ಮಾಡಿಸಿದ ಮನುಷ್ಯನಿಗೆ ಈ ವಿಷಯದಲ್ಲಿ ಸಿಟ್ಟು ಬರುವುದು ನ್ಯಾಯವೇ.

ಪಕ್ಕದ ಮನೆಯ ಅಜ್ಜಿ ತೀರ್ಥಹಳ್ಳಿ ಕಡೆಯವರು, ಅಡಿಕೆ ಮನೆತನ. "ಥಂಡಿ ಹಿಡಿದಿರ್ತದೆ ಕಣೇ. ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ನೋಡೇ" ಎಂದರು. ಈಗ ಅವರ ಮನೆಯಲ್ಲೂ ಬಚ್ಚಲ ಒಲೆ ಇಲ್ಲ, ಸೋಲಾರು. ನಗಬೇಡಿ, ಮಲೆನಾಡಿನ ಮಳೆಗಾಲದಲ್ಲಿ ಕ್ಯಾಮೆರಾದ ಲೆನ್ಸಿಗೇ ಬೂಷ್ಟು ಹಿಡಿಯುತ್ತದೆ, ಸಣ್ಣ ಇರುವೆಗಳು ಬೆಚ್ಚಗಿರುವ ಜಾಗ ಹುಡುಕಿಕೊಂಡು ಕೀಬೋರ್ಡಿನೊಳಗೆ ಮೊಟ್ಟೆ ಇಡುತ್ತವೆ. ಅಜ್ಜಿಯ ರೋಗನಿದಾನದಲ್ಲಿ ದೋಷವಿರಲಿಲ್ಲ. ಚಿಕಿತ್ಸೆಗೆ ಮಾತ್ರ ನನಗೆ ಧೈರ್ಯ ಬರಲಿಲ್ಲ.

ಕೆಲಸಕ್ಕೆ ಬಂದದ್ದು ಮಗಳ ಫೋನು. ಏನಾಯ್ತು ಅಂತ ಅವಳು ಕೇಳಲೇ ಇಲ್ಲ. "ಅಮ್ಮ, ಎಲ್ಲೀವರೆಗೆ ಬರುತ್ತೆ?" ಎಂದಳು.

ಬೆಂಗಳೂರಿನಿಂದ ಬಸ್ಸು ಹತ್ತಿದವರನ್ನು ನಾವು ಫೋನಿನಲ್ಲಿ ಕೇಳುವ ಮಾತು ಇದೇ. ಎಲ್ಲೀವರೆಗೆ ಬಂದ್ರಿ? ಕಡೂರು ಎಂದರೆ ಅನ್ನಕ್ಕಿಡಲು ಇನ್ನೂ ಹೊತ್ತಿದೆ. ಭದ್ರಾವತಿ ಎಂದರೆ ಇವರು ಚಪ್ಪಲಿ ಹಾಕಿಕೊಂಡು ಸ್ಟ್ಯಾಂಡಿಗೆ ಹೊರಡಬೇಕು. ಬಸ್ಸು ಕೆಟ್ಟು ನಿಂತರೂ ತಿಪಟೂರಿನಲ್ಲಿ ನಿಂತಿತೋ ತರೀಕೆರೆಯಲ್ಲಿ ನಿಂತಿತೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿರ್ಧಾರವಾಗುತ್ತದೆ. ಲ್ಯಾಪ್‌ಟಾಪು ಏಳುವುದಕ್ಕೂ ಹೀಗೆ ಊರುಗಳಿವೆ, ಒಂದನ್ನು ದಾಟದೆ ಮುಂದಿನದು ಸಿಗುವುದಿಲ್ಲ ಎನ್ನುವುದು ಅವಳು ಹೇಳುತ್ತ ಹೋದಂತೆ ನನಗೆ ಗೊತ್ತಾಯಿತು. ನಿಂತ ಜಾಗ ಗೊತ್ತಾದರೆ ಅದಕ್ಕಿಂತ ಹಿಂದಿನದೆಲ್ಲ ಸರಿಯಾಗಿದೆ ಎಂದೇ ಲೆಕ್ಕ. ಅರ್ಧ ಪತ್ತೇದಾರಿ ಅಲ್ಲಿಗೇ ಮುಗಿಯಿತು.

ಮೊದಲನೆಯದು ಕರೆಂಟು. ದೀಪವೇ ಹತ್ತದಿದ್ದರೆ ಚಾರ್ಜರು, ಅದರ ಪಿನ್ನು, ಗೋಡೆಯ ಪ್ಲಗ್ಗು ಇವುಗಳನ್ನು ನೋಡಬೇಕು, ಸ್ವಿಚ್ಚು ಹಾಕಿದೆಯೇ ಎಂಬುದನ್ನೂ ಸೇರಿಸಿ. ಬಹಳ ದಿನ ಮುಟ್ಟದೆ ಇಟ್ಟದ್ದಾದರೆ ಬ್ಯಾಟರಿ ಪೂರ್ತಿ ಬತ್ತಿರುತ್ತದೆ, ಚಾರ್ಜಿಗೆ ಹಾಕಿ ಅರ್ಧ ಗಂಟೆ ಕಾಯಬೇಕು. ಅದಕ್ಕೂ ಆಗದಿದ್ದರೆ ಚಾರ್ಜರ್ ಕಿತ್ತು, ಬಿಚ್ಚಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು. ಒಳಗೆ ಅಲ್ಲಿ ಇಲ್ಲಿ ಉಳಿದುಕೊಂಡ ವಿದ್ಯುತ್ತು ಇಳಿದುಹೋಗುತ್ತದೆ. ಮಂತ್ರದ ಹಾಗೆ ಕಂಡರೂ ಇದು ಕಂಪನಿಗಳೇ ಹೇಳಿಕೊಡುವ ಉಪಾಯ.

ಎರಡನೆಯದು ಪರದೆ. ದೀಪ ಇದೆ, ಫ್ಯಾನಿದೆ, ಪರದೆ ಮಾತ್ರ ಕಪ್ಪು. ಇಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡು ಎಂದಳು ಮಗಳು. ಅದರ ಪುಟ್ಟ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಪ್ರಜ್ಞೆ ಇದೆ, ತೋರಿಸಲು ಆಗುತ್ತಿಲ್ಲ ಅಷ್ಟೆ. ಆಗ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು; ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು. ಟಾರ್ಚು ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮನೆಯವರು ಪೇಪರು ಮಡಿಸಿ ಎದ್ದರು. ಇಲಾಖೆಯ ಕಾಲದ ಮೂರು ಸೆಲ್ಲಿನ ಉದ್ದ ಟಾರ್ಚು ತಂದರು. ನಮ್ಮದು ಪರದೆಯ ಕಾಯಿಲೆಯೇ ಅಲ್ಲ ಎಂದರೂ ಬಿಡದೆ, ಹಿಂದೆ ಮುಂದೆ, ಫ್ಯಾನಿನ ಸಂದಿಗೆಲ್ಲ ಬೆಳಕು ಬಿಟ್ಟು, "ಒಳಗೆ ಧೂಳಿದೆ" ಎಂದು ವರದಿ ಕೊಟ್ಟು ಕೂತರು. ಈ ವರದಿ ಆಮೇಲೆ ನಿಜವಾಯಿತು.

ಮೂರನೆಯದು ನಮ್ಮ ಕಣ್ಣಿಗೆ ಕಾಣದ್ದು. ಗುಂಡಿ ಒತ್ತಿದ ಕೂಡಲೇ ಯಂತ್ರ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ: ರ‍್ಯಾಮ್ ಇದೆಯೇ, ಕೀಬೋರ್ಡು ಇದೆಯೇ, ಡಿಸ್ಕು ಇದೆಯೇ. 1981ರಲ್ಲಿ ಬಂದ ಐಬಿಎಂ ಪಿಸಿ ಎಲ್ಲ ಸರಿಯಿದ್ದರೆ ಒಂದು ಸಣ್ಣ ಬೀಪು ಹೊಡೆಯುತ್ತಿತ್ತು; ಸರಿಯಿಲ್ಲದಿದ್ದರೆ ಬೀಪುಗಳ ಲೆಕ್ಕದಲ್ಲೇ ಯಾವ ಭಾಗ ಎಂದು ಹೇಳುತ್ತಿತ್ತು. ಈಗಿನವು ಬಹಳಷ್ಟು ಬಾಯಿ ಮುಚ್ಚಿಕೊಂಡಿವೆ. ಕೆಲವು ದೀಪ ಮಿಟುಕಿಸಿ ಅದನ್ನೇ ಹೇಳುತ್ತವೆ. ಮಿಟುಕನ್ನು ಎಣಿಸಿಕೊಂಡು ಹೋದರೆ ಅಂಗಡಿಯವನಿಗೆ ಅರ್ಧ ಗಂಟೆ ಉಳಿಯುತ್ತದೆ. ಈ ಹಂತದಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ರ‍್ಯಾಮು. ಅದರ ಚಿನ್ನದ ಬಣ್ಣದ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ. ಅದನ್ನು ಕಳಚಿ, ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ತಿಕ್ಕಿ, ಪುಡಿ ಊದಿ ಮತ್ತೆ ಕೂರಿಸುತ್ತಾರೆ. ಭಾರತದಲ್ಲಿ ಎಷ್ಟು ಕಂಪ್ಯೂಟರುಗಳು ಈ ರಬ್ಬರಿನ ಋಣದಲ್ಲಿವೆಯೋ ಲೆಕ್ಕ ಇಟ್ಟವರಿಲ್ಲ.

ಲೋಗೋ ಬಂತೆಂದರೆ ಇದೆಲ್ಲ ದಾಟಿಯಾಯಿತು. ಅಲ್ಲಿಂದ ಮುಂದೆ ವಿಂಡೋಸನ್ನು ಡಿಸ್ಕಿನಲ್ಲಿ ಹುಡುಕಬೇಕು. "ಪೆನ್‌ಡ್ರೈವ್ ಏನಾದ್ರೂ ಸಿಕ್ಕಿಸಿದೀಯಾ?" ಎಂದು ಮಗಳು ಕೇಳಿದ್ದು ಇದಕ್ಕೇ. ಕೆಲವು ಯಂತ್ರಗಳು ಮೊದಲು ಪೆನ್‌ಡ್ರೈವಿನ ಬಾಗಿಲು ತಟ್ಟುತ್ತವೆ. ಅಲ್ಲಿ ಮದುವೆ ಫೋಟೋ ಬಿಟ್ಟು ಬೇರೇನೂ ಇಲ್ಲದಿದ್ದರೆ, ಬೂಟ್ ಆಗುವಂಥದ್ದು ಏನೂ ಇಲ್ಲ ಎಂದು ಕೈಚೆಲ್ಲುತ್ತವೆ. ಪೆನ್‌ಡ್ರೈವು ಕಿತ್ತರೆ ಗುಣ. ನಮ್ಮದರಲ್ಲಿ ಪೆನ್‌ಡ್ರೈವು ಇರಲಿಲ್ಲ. ಚುಕ್ಕಿಗಳು ಬರುತ್ತಿದ್ದವು, ಅಂದರೆ ವಿಂಡೋಸ್ ಸಿಕ್ಕಿದೆ, ಏಳಲು ಹೊರಟಿದೆ, ದಾರಿಯಲ್ಲಿ ಎಲ್ಲೋ ಮುಗ್ಗರಿಸುತ್ತಿದೆ. ಭದ್ರಾವತಿ ದಾಟಿ ನಿಂತ ಬಸ್ಸು ಅದು.

ಮಗಳು ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿಸಿದಳು. ಏನೂ ಆಗಲಿಲ್ಲ. ಆದರೂ ಈ ಮೂರು ಬೆರಳಿನ ನಮಸ್ಕಾರದ ಬಗ್ಗೆ ನನಗೊಂದು ಗೌರವವಿದೆ. ಐಬಿಎಂನಲ್ಲಿ ಆ ಮೊದಲ ಪಿಸಿ ಕಟ್ಟಿದ ಹನ್ನೆರಡು ಮಂದಿ ಎಂಜಿನಿಯರುಗಳಲ್ಲಿ ಒಬ್ಬರಾದ ಡೇವಿಡ್ ಬ್ರ್ಯಾಡ್ಲಿ ಇದನ್ನು ಮಾಡಿದ್ದು, ಕೆಲಸ ಮಾಡುತ್ತಿದ್ದ ತಮ್ಮವರಿಗೆ ಪದೇ ಪದೇ ಯಂತ್ರ ಆರಿಸಿ ಹೊತ್ತಿಸುವ ಕಾಟ ತಪ್ಪಲಿ ಎಂದು. ಮೊದಲು ಡಿಲೀಟಿನ ಬದಲು ಎಸ್ಕೇಪ್ ಇತ್ತಂತೆ. ಎಡಗೈ ಒಂದೇ ತಾಗಿ ಯಂತ್ರ ರೀಸ್ಟಾರ್ಟ್ ಆಗುವ ಭಯ. ಹಾಗಾಗಿ ಎರಡು ಕೈ ಬೇಕೇ ಬೇಕೆನ್ನುವಷ್ಟು ದೂರದ ಗುಂಡಿಯನ್ನು ಆರಿಸಿದರು. ಜನರ ಕೈಗೆ ಇದು ಬರುವುದೆಂದು ಅವರು ಎಣಿಸಿಯೇ ಇರಲಿಲ್ಲ.

ಕೊನೆಗೆ ಪರದೆ ತಾನಾಗಿಯೇ ನೀಲಿಯಾಯಿತು. ಸತತವಾಗಿ ಒಂದೆರಡು ಸಲ ಏಳಲಾಗದಿದ್ದರೆ ವಿಂಡೋಸ್ 10 ತನ್ನಷ್ಟಕ್ಕೇ ರಿಪೇರಿಗೆ ಕೂರುತ್ತದೆ. ಬಹಳ ಹೊತ್ತು ಕೂತು, ರಿಪೇರಿ ಮಾಡಲಾಗಲಿಲ್ಲ ಎಂದು ಒಪ್ಪಿಕೊಂಡಿತು. ಅಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಏನಾಯಿತೆಂಬ ವಿವರ ಇಂಥ ಫೈಲಿನಲ್ಲಿದೆ ಎಂದು ಸಿ ಡ್ರೈವಿನೊಳಗಿನ ಉದ್ದನೆಯ ವಿಳಾಸವೊಂದನ್ನು ಕೊಟ್ಟಿತು. ಆ ಫೈಲು ನೋಡಬೇಕಾದರೆ ಲ್ಯಾಪ್‌ಟಾಪು ಎದ್ದಿರಬೇಕು. ಬೀಗದ ಕೈ ಪೆಟ್ಟಿಗೆಯೊಳಗಿದೆ ಎಂದು ಪೆಟ್ಟಿಗೆಯ ಮೇಲೆ ಬರೆದಿಡುವ ಈ ಬುದ್ಧಿ ಯಾವ ಮಹಾನುಭಾವನದೋ.

ಇಂಥದೇ ನೀಲಿ ಪರದೆ 2024ರ ಜುಲೈ 19ರ ಶುಕ್ರವಾರ ಲೋಕಕ್ಕೆಲ್ಲ ಒಟ್ಟಿಗೆ ಬಂದದ್ದು ನಿಮಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಹತ್ತಿರ. ಒಂದೂವರೆ ಗಂಟೆಯೊಳಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು ಎದ್ದು ಬಿದ್ದು ಎದ್ದು ಬೀಳುವ ಚಕ್ರಕ್ಕೆ ಸಿಕ್ಕಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಳಿಸುವಾಗ ಒಂದೇ ಏಟಿಗೆ ಹೋದದ್ದನ್ನು ತೆಗೆಯುವಾಗ ಬಹಳ ಕಡೆ ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬರು ಕೂರಬೇಕಾಯಿತು: ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಫೈಲು ಹುಡುಕಿ ಅಳಿಸುವುದು. ಸೇಫ್ ಮೋಡ್ ಎಂದರೆ ಇರಲೇಬೇಕಾದಷ್ಟನ್ನು ಮಾತ್ರ ಕಟ್ಟಿಕೊಂಡು ಏಳುವುದು. ಅದರಲ್ಲಿ ಎದ್ದರೆ ಯಂತ್ರದ ಗಟ್ಟಿ ಭಾಗಗಳು ಬಹುಮಟ್ಟಿಗೆ ಸರಿಯಿವೆ, ಮೇಲೆ ಹೇರಿದ ಯಾವುದೋ ತೊಂದರೆ ಕೊಡುತ್ತಿದೆ ಎಂದು ಅರ್ಥ. ಅಂದು ಅವರದ್ದು ಎದ್ದಿತು. ಇಂದು ನನ್ನದು ಅದರಲ್ಲೂ ಏಳಲಿಲ್ಲ.

"ಹಾಗಾದ್ರೆ ಡಿಸ್ಕು ಅಮ್ಮ. ಇನ್ನು ಅದನ್ನ ಪದೇ ಪದೇ ಆನ್ ಮಾಡಬೇಡ, ಅಂಗಡಿಗೆ ಕೊಡು" ಎಂದಳು ಮಗಳು.

ದುರ್ಗಿಗುಡಿಯ ಆ ಅಂಗಡಿಯಲ್ಲಿ ನಿಲ್ಲಲು ಜಾಗವಿದೆ, ಕೂರಲು ಇಲ್ಲ. ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ತಲೆ ಎತ್ತಿ ಕೇಳಿದ ಮೊದಲ ಮಾತು "ಚಾರ್ಜರ್ ತಂದಿದೀರಾ ಮೇಡಂ?" ಎರಡನೆಯದು "ಎಲ್ಲೀವರೆಗೆ ಬರ್ತದೆ?" ನಾನು ಕರೆಂಟಿನಿಂದ ಶುರುಮಾಡಿ ಸೇಫ್ ಮೋಡಿನವರೆಗೆ ಒಪ್ಪಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಯಾವ ಕೀಲಿಯನ್ನೂ ಒತ್ತಿ ನೋಡದೆ, ಸ್ಕ್ರೂ ಡ್ರೈವರು ಕೈಗೆ ತೆಗೆದುಕೊಂಡ. ಇಳಿವಯಸ್ಸಿನಲ್ಲಿ ಇಂಥ ಮರ್ಯಾದೆಗಳು ಸಿಗುವುದು ಅಪರೂಪ.

ಹಿಂಬದಿಯ ಮುಚ್ಚಳ ತೆಗೆದಾಗ ಫ್ಯಾನಿನ ಬಾಯಿಗೆ ಬೂದು ಬಣ್ಣದ ಧೂಳಿನ ಹಾಸು, ಅದರ ಮೇಲೆಲ್ಲ ಕೆಂಪು ಚುಕ್ಕೆ. ಆಯುಧಪೂಜೆಯ ಕುಂಕುಮ. ಪ್ರತಿ ನವಮಿಗೂ ಸ್ಕೂಟರಿನ ಪಕ್ಕದಲ್ಲಿ ಕೂತು, ಹೂವು ಅಕ್ಷತೆ ಮುಡಿದು, ಮಂಗಳಾರತಿ ತೆಗೆದುಕೊಂಡದ್ದರ ಲೆಕ್ಕ ಒಳಗೆ ಪದರಪದರವಾಗಿ ಕೂತಿತ್ತು. ಒಂದು ಅಕ್ಕಿಕಾಳು ಕೂಡ ಸಿಕ್ಕಿತು. ಹುಡುಗ ಏನೂ ಹೇಳದೆ ಬ್ಲೋವರ್ ಹಿಡಿದು ಊದಿದ. "ಎಲ್ಲರದ್ರಲ್ಲೂ ಇರ್ತದೆ ಮೇಡಂ" ಎಂದ ಆಮೇಲೆ. ಅವನ ಹಿಂದಿನ ಗೋಡೆಯಲ್ಲಿ, ಅವನದೇ ಕಂಪ್ಯೂಟರಿನ ನೆತ್ತಿಯ ಮೇಲೆ, ವಿಭೂತಿಯ ಮೂರು ಗೆರೆ ಅಚ್ಚುಕಟ್ಟಾಗಿ ಎಳೆದಿತ್ತು.

ಡಿಸ್ಕು ಕಳಚಿ ಒಂದು ಕೇಬಲ್ಲಿನಿಂದ ತನ್ನ ಯಂತ್ರಕ್ಕೆ ಜೋಡಿಸಿದ. ಹಳೆಯ ನಮೂನೆಯ ಹಾರ್ಡ್ ಡಿಸ್ಕು. ಒಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದನ್ನು ಓದುವ ಮುಳ್ಳು ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ತಟ್ಟೆಗೆ ತಾಗದೆ ತೇಲುತ್ತಿರುತ್ತದೆ. ಏಳು ವರ್ಷ ಇದು ಕೆಲಸ ಮಾಡಿದ್ದೇ ಆಶ್ಚರ್ಯ ಎನ್ನಬೇಕು. ಹುಡುಗ ಡಿಸ್ಕಿಗೆ ಕಿವಿ ಕೊಟ್ಟು ಕೇಳಿದ. ನನಗೂ ಕೇಳಿಸಿದ. ಟಕ್, ತುಸು ಬಿಟ್ಟು ಮತ್ತೆ ಟಕ್. ಅವನ ಪರದೆಯಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಚೌಕ ಹಳದಿಯಾಗಿತ್ತು.

"ಇನ್ನೂ ಓದ್ತಾ ಇದೆ. ಎಷ್ಟು ಹೊತ್ತು ಓದ್ತದೆ ಹೇಳಕ್ಕಾಗಲ್ಲ. ಮೊದಲು ಯಾವ್ದು ತೆಗೀಲಿ ಮೇಡಂ?"

ಜೊತೆಗೆ ಬಂದಿದ್ದ ನಮ್ಮನೆಯವರು "ಫೋಟೋ" ಎಂದರು. ನಾನು "ಬರಹ" ಎಂದೆ. ಎರಡೂ ಮಾತು ಒಂದೇ ಗಳಿಗೆಗೆ ಬಂದವು. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮ ಮುಂದೆ ಯಾರೂ ಇಷ್ಟು ನೇರವಾದ ಪ್ರಶ್ನೆ ಇಟ್ಟಿರಲಿಲ್ಲ. ಫೋಟೋಗಳಲ್ಲಿ ಮಗಳ ಮದುವೆ ಇದೆ, ಮೊಮ್ಮಗನ ಮೊದಲ ಹುಟ್ಟುಹಬ್ಬವಿದೆ, ಈಗ ಇಲ್ಲದ ನಮ್ಮತ್ತೆ ಇದ್ದಾರೆ. ಬರಹಗಳೆಂದರೆ ಪತ್ರಿಕೆಗಳಿಗೆ ಕಳಿಸಿದ್ದು, ಕಳಿಸದೆ ಉಳಿಸಿದ್ದು, ವಾಪಸು ಬಂದದ್ದು. ಹುಡುಗ ಇಬ್ಬರ ಮುಖವನ್ನೂ ನೋಡದೆ ಫೋಲ್ಡರುಗಳ ಗಾತ್ರ ನೋಡಿದ. "ಬರಹ ಎಲ್ಲಾ ಸೇರಿ ನೂರು ಎಂಬಿನೂ ಇಲ್ಲ ಮೇಡಂ. ಒಂದು ವಿಡಿಯೋಗಿಂತ ಸಣ್ಣದು. ಇದು ಮೊದ್ಲು ತೆಗ್ದುಬಿಡ್ತೀನಿ, ಆಮೇಲೆ ಸರ್ ಹೇಳಿದ್ದು." ಜಗಳ ಮುಗಿಯಿತು. ಇಷ್ಟು ವರ್ಷದ ಸಾಹಿತ್ಯ ಸೇವೆ, ಮೊಮ್ಮಗ ಕೇಕು ಕತ್ತರಿಸುವ ವಿಡಿಯೋದ ಮುಂದೆ ಏನೂ ಅಲ್ಲ ಎಂದು ತೂಕಮಾಡಿ ಹೇಳಿದ ಮೊದಲ ವಿಮರ್ಶಕ ಅವನೇ.

ಫೋಟೋಗಳೂ ಹೆಚ್ಚುಕಡಿಮೆ ಬಂದವು. ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೇಲುವ ಮುಳ್ಳೂ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ಖರ್ಚು ಮಾಡುವುದೇ ಆದರೆ ಇದಕ್ಕಿಂತ ಸಾರ್ಥಕವಾದ ಖರ್ಚು ನನಗೆ ಕಂಡಿಲ್ಲ. ಕಂಪನಿಗಳು ಬಿಡಿ, ಹೊಸದು ತಗೊಳ್ಳಿ ಎನ್ನುತ್ತಲೇ ಇರುತ್ತವೆ.

ಮನೆಗೆ ತಂದು ಫೈಲೊಂದನ್ನು ತೆರೆದರೆ ಇನ್ನೊಂದು ಆಟ. ಕನ್ನಡದ ಒಂದಕ್ಷರವಿಲ್ಲ, ಇಂಗ್ಲಿಷಿನ ಅಕ್ಷರಗಳು, ನೆತ್ತಿಯ ಮೇಲೆ ಕೊಂಬು ಬಾಲ ಇಟ್ಟುಕೊಂಡು ಸಾಲುಸಾಲಾಗಿ ನಿಂತಿದ್ದವು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಬಲ್ಲವರಿಗೆ ಇದು ಹೊಸದಲ್ಲ. ಯೂನಿಕೋಡಿಗೆ ಮೊದಲಿನ ಆ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ತೊಡಿಸುವುದು ಫಾಂಟು. ಹೊಸ ವಿಂಡೋಸಿನಲ್ಲಿ ಆ ಫಾಂಟು ಇರಲಿಲ್ಲ. ನುಡಿ ಹಾಕಿಕೊಂಡ ಮೇಲೆ ಎಲ್ಲವೂ ಕನ್ನಡವಾಯಿತು. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಒಗ್ಗಿದ ನನ್ನಂಥವರು ಈಗ ಯೂನಿಕೋಡಿನಲ್ಲೂ ಅದೇ ವಿನ್ಯಾಸದಲ್ಲಿ ಟೈಪ್ ಮಾಡಬಹುದು, ಹಳೆಯದನ್ನು ಪರಿವರ್ತಕಕ್ಕೆ ಹಾಕಿ ಬದಲಿಸಿಕೊಳ್ಳಬಹುದು. ಆ ಕೆಲಸ ನಡೆಯುತ್ತಿದೆ. ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ, ಕುಳಿತು ತಿದ್ದಬೇಕು.

ನನ್ನದು ಎದ್ದ ಸುದ್ದಿ ಬೀದಿಯಲ್ಲಿ ಹಬ್ಬಿ, ಅಜ್ಜಿಯ ಸೊಸೆ ತನ್ನದನ್ನು ಎತ್ತಿಕೊಂಡು ಬಂದಳು. ಅವಳದು ಹೊಸದು. ಯಾವುದೋ ಅಪ್‌ಡೇಟು ಆಗಿ, ಎದ್ದ ಕೂಡಲೇ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು. ಈಗಿನವು ಕಳ್ಳರ ಭಯಕ್ಕೆ ಡಿಸ್ಕಿಗೆ ತಾವೇ ಬೀಗ ಹಾಕಿಕೊಳ್ಳುತ್ತವೆ, ಕೀಲಿಯನ್ನು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇಡುತ್ತವೆ. ಅವಳ ಅಕೌಂಟು ಯಾವ ಇಮೇಲಿನಲ್ಲಿದೆ? ಕೊಂಡ ದಿನ ಅಂಗಡಿಯವರೇ ಮಾಡಿಕೊಟ್ಟಿದ್ದರಂತೆ. ಹಾಗೆ ಮಾಡಿಕೊಟ್ಟ ಹುಡುಗ ಆ ಅಂಗಡಿಯ ಕೆಲಸ ಬಿಟ್ಟಿದ್ದ. ಅವನ ನಂಬರು ಹುಡುಕಿ, ಪಾಸ್‌ವರ್ಡು ನೆನಪು ಮಾಡಿಸಿ, ಆ ಅಂಕಿಗಳನ್ನು ಅವಳು ಹೇಳುತ್ತ ನಾನು ಒತ್ತುತ್ತ ಹೋಗುವಷ್ಟರಲ್ಲಿ ಸಂಜೆಯಾಗಿತ್ತು.

ಆದ್ದರಿಂದ ಓದುಗರಲ್ಲಿ ವಿನಂತಿ ಇಷ್ಟೆ. ಯಂತ್ರ ಚೆನ್ನಾಗಿ ಏಳುತ್ತಿರುವಾಗಲೇ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡಿ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಅರ್ಧಕ್ಕೆ ನಿಂತರೆ, ನಿಂತ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಎಲ್ಲೀವರೆಗೆ ಬಂತು ಎಂದು ಕೇಳಿದಾಗ ತೋರಿಸಲು ಬೇಕು. ಅಂಗಡಿಗೆ ಹೋಗುವಾಗ ಚಾರ್ಜರ್ ಮರೆಯಬೇಡಿ, ಅದಿಲ್ಲದೆ ಹೋದವರನ್ನು ಅವರು ಮನೆಗೆ ವಾಪಸು ಕಳಿಸುತ್ತಾರೆ.